ಒಂದು ಮೊಣಕೈಯ ಕಾವಲು

ಆ ಬೇಸಿಗೆಯಲ್ಲಿ ನನ್ನ ಕೆಲಸ ಹದಿನೇಳು ವರ್ಷದ ಹುಡುಗನೊಬ್ಬನ ಬಲ ಮೊಣಕೈಯನ್ನು ಕಾಯುವುದಾಗಿತ್ತು. ಸಿಡ್ನಿಯ ಎಪ್ಪಿಂಗ್‌ನಲ್ಲಿ ನಾನಿದ್ದ ಫಿಸಿಯೋಥೆರಪಿ ಕ್ಲಿನಿಕ್‌ಗೆ ರಾಜ್ಯದ ಕಿರಿಯರ ಬೇಸ್‌ಬಾಲ್ ತಂಡದ ಹೊಣೆ ಬಂದಿತ್ತು. ರಗ್ಬಿ, ಸಾಕರ್ ತಂಡಗಳನ್ನು ಸಹೋದ್ಯೋಗಿಗಳು ಮೊದಲೇ ಹಂಚಿಕೊಂಡುಬಿಟ್ಟಿದ್ದರು. ಯಾರಿಗೂ ಬೇಡವಾಗಿದ್ದ ಬೇಸ್‌ಬಾಲ್ ನನ್ನ ತಲೆಗೆ ಬಿತ್ತು. ದಾವಣಗೆರೆಯಲ್ಲಿ ಬೆಳೆದವಳಿಗೆ ಆ ಆಟದ ತಲೆಬುಡ ಗೊತ್ತಿರಲಿಲ್ಲ. ಮೊಣಕೈ ಗೊತ್ತಿತ್ತು, ಅಷ್ಟು ಸಾಕು ಅಂದುಕೊಂಡು ಒಪ್ಪಿದೆ.

ತಂಡದಲ್ಲಿ ಕನ್ನಡದ ಹುಡುಗನೊಬ್ಬ ಇದ್ದಾನೆಂದು ಮೊದಲ ದಿನವೇ ತಿಳಿಯಿತು. ಬೆಂಚಿನ ಮೇಲೆ ಅವನನ್ನು ಕೂರಿಸಿ ಭುಜ ತಿರುಗಿಸಿ ನೋಡುತ್ತಿದ್ದಾಗ ಬೇಲಿಯಾಚೆಯಿಂದ ಒಬ್ಬರು, "ಮೇಡಂ, ನೀವು ಕನ್ನಡದವ್ರಲ್ವಾ?" ಎಂದರು. ನನ್ನ ಅಂಗಿಯ ಮೇಲಿದ್ದ ಹೆಸರು ಓದಿದ್ದರಂತೆ. ಅವರೇ ಹುಡುಗನ ತಂದೆ. ಮೈಸೂರಿನವರು, ಐಟಿ ಕೆಲಸ, ದಿ ಪಾಂಡ್ಸ್‌ನಲ್ಲಿ ಹೊಸದಾಗಿ ಕಟ್ಟಿಸಿದ ಮನೆ. ಹುಡುಗನಿಗೆ ನಮ್ಮ ಮಾತೆಲ್ಲ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಚಿಕ್ಕದು. ನೋವಿದೆಯಾ ಅಂದರೆ "ಐಯಾಮ್ ಫೈನ್, ಆಂಟಿ". ಹಸಿವಾ ಅಂದರೂ "ಐಯಾಮ್ ಫೈನ್, ಆಂಟಿ". ಇಂಥವರ ಬಾಯಿಂದ ನೋವು ಹೊರಡಿಸುವುದು ಹಲ್ಲು ಕೀಳುವುದಕ್ಕಿಂತ ಕಷ್ಟ.

ಅವನು ಬೇಸ್‌ಬಾಲ್‌ಗೆ ಬಂದ ದಾರಿ ಸ್ವಾರಸ್ಯವಾಗಿತ್ತು. ಶಾಲೆಯಲ್ಲಿ ಕ್ರಿಕೆಟ್ ಆಡುತ್ತಿದ್ದ. ಒಮ್ಮೆ ಬೌಂಡರಿ ಗೆರೆಯಿಂದ ಇವನು ಎಸೆದ ಚೆಂಡು ನೆಲ ಮುಟ್ಟದೆ ನೇರ ವಿಕೆಟ್ ಕೀಪರನ ಕೈಗೆ ಬಂದದ್ದನ್ನು ಕಂಡ ಪಿಇ ಮೇಷ್ಟ್ರು, ಮರುದಿನವೇ ಶಾಲೆಯ ಬೇಸ್‌ಬಾಲ್ ತಂಡಕ್ಕೆ ಎಳೆದುಕೊಂಡರು. ಮಗ ಇನ್ನೇನು ದೊಡ್ಡ ಬೌಲರ್ ಆಗುತ್ತಾನೆಂದು ಕಾದಿದ್ದ ತಂದೆ ಮುನಿಸಿಕೊಂಡು ಒಂದು ಸೀಸನ್ ಪೂರ್ತಿ ಮೈದಾನದ ಕಡೆಗೇ ಹೋಗಲಿಲ್ಲವಂತೆ. ಆಮೇಲೆ ಯಾರೋ ಅವರ ಕಿವಿಗೆ 'ಮೈನರ್ ಲೀಗ್' ಎಂಬ ಮಾತು ಹಾಕಿದರು. ಅಮೆರಿಕದ ದೊಡ್ಡ ತಂಡಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ತಂಡಗಳಿರುತ್ತವೆ. ಪ್ರಪಂಚದ ಮೂಲೆಮೂಲೆಯಿಂದ ಹುಡುಗರನ್ನು ಆರಿಸಿ ಅಲ್ಲಿ ವರ್ಷಗಟ್ಟಲೆ ಪಳಗಿಸುತ್ತಾರೆ. ಆರಿಸುವವರನ್ನು ಸ್ಕೌಟ್ ಎನ್ನುತ್ತಾರೆ. ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ನಡೆಯುವ ರಾಜ್ಯಗಳ ಪಂದ್ಯಾವಳಿಗೆ ಅಂಥ ಸ್ಕೌಟ್ ಒಬ್ಬರು ಇವನನ್ನೇ ನೋಡಲು ಬರುತ್ತಾರೆಂದು ಕೋಚ್ ಹೇಳಿದ ಮೇಲೆ ತಂದೆ ಬೇಲಿ ಬಿಟ್ಟು ಅಲುಗಲಿಲ್ಲ.

ಹುಡುಗ ಪಿಚರ್. ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆಯೇ, ಆದರೆ ಓಡಿ ಬರುವಂತಿಲ್ಲ. ಸಣ್ಣ ಮಣ್ಣಿನ ದಿಬ್ಬದ ಮೇಲೆ ನಿಂತು, ತೋಳು ಮಡಚಿ, ಇಡೀ ಮೈಯನ್ನು ತಿರುಗಿಸಿ ಎಸೆಯಬೇಕು. ನಮ್ಮ ಬೌಲರ್ ಮೊಣಕೈ ಮಡಚಿ ಎಸೆದರೆ ಅಂಪೈರ್ ನೋ ಬಾಲ್ ಅನ್ನುತ್ತಾನೆ. ಇಲ್ಲಿ ಆಟವೆಲ್ಲ ಇರುವುದೇ ಆ ಮಡಿಕೆಯಲ್ಲಿ. ಪ್ರತಿ ಎಸೆತದಲ್ಲೂ ಮೊಣಕೈಯ ಒಳಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಒಂದು ಸಣ್ಣ ಲಿಗಮೆಂಟ್ ಹರಿಯುವಷ್ಟು ಎಳೆತ ತಿನ್ನುತ್ತದೆ. ಅದಕ್ಕೇ ಎಸೆತಗಳನ್ನು ಎಣಿಸುತ್ತಾರೆ, ಮಿತಿ ದಾಟಿದರೆ ಇಳಿಸುತ್ತಾರೆ, ಮುಂದಿನ ಕೆಲವು ದಿನ ಚೆಂಡು ಮುಟ್ಟಿಸುವುದಿಲ್ಲ. ಎಣಿಸುವ ಕೆಲಸ ನನ್ನದಾಗಿತ್ತು. ಒತ್ತಿದರೆ ಅಂಕಿ ಏರುವ ಕ್ಲಿಕ್ಕರ್ ಒಂದನ್ನು ಮುಷ್ಟಿಯಲ್ಲಿ ಹಿಡಿದು ಡಗೌಟ್‌ನಲ್ಲಿ, ಅಂದರೆ ಆಟಗಾರರು ಕೂರುವ ಗೂಡಿನಲ್ಲಿ, ಜಪಮಣಿ ಎಣಿಸುವವಳಂತೆ ಕೂರುತ್ತಿದ್ದೆ.

ನವೆಂಬರಿನಿಂದಲೇ ಲೆಕ್ಕ ತಾಳೆಯಾಗುವುದು ನಿಂತಿತು. ಶುಕ್ರವಾರ ಸಂಜೆ ಪಿಚ್ ಮಾಡುತ್ತಿದ್ದ. ಶನಿವಾರ ಬೆಳಿಗ್ಗೆ ನೋಡಿದರೆ ತೋಳು ಇರಬೇಕಾದಷ್ಟೇ ಬಿಗಿದಿರುತ್ತಿತ್ತು. ಭಾನುವಾರ ಪೂರ್ತಿ ವಿಶ್ರಾಂತಿ. ಸೋಮವಾರ ಸಡಿಲವಾಗಬೇಕು ತಾನೆ? ಇವನದು ಸೋಮವಾರ ಇನ್ನಷ್ಟು ಬಿಗಿಯುತ್ತಿತ್ತು. ಮಂಚದ ಮೇಲೆ ಮಲಗಿಸಿ ಭುಜವನ್ನು ಒಳಗೆ ತಿರುಗಿಸಿದರೆ ಎಡಗೈ ಹೋದಷ್ಟು ದೂರ ಬಲಗೈ ಹೋಗುತ್ತಿರಲಿಲ್ಲ, ಮುಂಗೈಯ ಸ್ನಾಯುಗಳು ಹಗ್ಗದ ಹಾಗೆ ಕೈಗೆ ಸಿಗುತ್ತಿದ್ದವು.

ಕೋಚ್ ಮತ್ತು ನಾನು ಸಿಕ್ಕ ಕಡೆಯೆಲ್ಲ ತಪ್ಪು ಹುಡುಕಿದೆವು. ಕೋಚ್ ತಾವೂ ಒಂದು ಕಾಲಕ್ಕೆ ಮೈನರ್ ಲೀಗ್‌ನಲ್ಲಿ ಆಡಿ ಬಂದ ಆಸ್ಟ್ರೇಲಿಯನ್ನರು, ಮಾತು ಕಡಿಮೆ. ಎಸೆಯುವಾಗ ಹುಡುಗನ ಮುಂದಿನ ಕಾಲು ಬೇಗ ಹೊರಕ್ಕೆ ತಿರುಗಿಬಿಡುತ್ತಿದೆ ಎಂದು ಅದನ್ನು ತಿದ್ದಿದರು. ನಾನು ರಬ್ಬರ್ ಪಟ್ಟಿಯ ವ್ಯಾಯಾಮ ಬದಲಿಸಿದೆ, ಮಲಗುವ ಭಂಗಿ ಕೇಳಿದೆ, ಶಾಲೆಯ ಬ್ಯಾಗಿನ ತೂಕ ನೋಡಿದೆ. ಕಂಪ್ಯೂಟರ್ ಗೇಮ್ ಆಡುತ್ತಾನೇನೋ ಎಂದು ತಂದೆಯ ಹತ್ತಿರ ವಿಚಾರಿಸಿದೆ. "ಇಲ್ಲ ಮೇಡಂ, ವೀಕೆಂಡ್ ಫುಲ್ ರೆಸ್ಟ್. ನಾನೇ ನೋಡ್ಕೋತೀನಿ" ಎಂದರು. ಅವರು ಸುಳ್ಳು ಹೇಳುವ ಜನ ಅಲ್ಲ, ಅದು ನನಗೆ ಗೊತ್ತಿತ್ತು. ಹಾಗಾಗಿ ನನ್ನ ಕೈಚಳಕದ ಮೇಲೇ ನನಗೆ ಅನುಮಾನ ಹುಟ್ಟಿ ಡಿಸೆಂಬರ್ ತಿಂಗಳೆಲ್ಲ ಸಿಡಿಮಿಡಿ ಅನ್ನುತ್ತಿದ್ದೆ.

ಮೆಲ್ಬರ್ನ್‌ನಲ್ಲಿ ಮೊದಲ ಪಂದ್ಯ ಚೆನ್ನಾಗಿಯೇ ಹೋಯಿತು. ಸ್ಕೌಟ್ ಬಲೆಯ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಚೆಂಡಿನ ವೇಗ ಅಳೆಯುವ ಗನ್ ಹಿಡಿದಿದ್ದರು. ಮೂವರು ಔಟಾದರೆ ಈ ಆಟದಲ್ಲಿ ಒಂದು ಇನ್ನಿಂಗ್ಸ್ ಮುಗಿಯುತ್ತದೆ. ಹುಡುಗ ಮೂರು ಇನ್ನಿಂಗ್ಸ್ ಎದುರಾಳಿಗಳನ್ನು ಅಲ್ಲಾಡಲು ಬಿಡಲಿಲ್ಲ. ನಾಲ್ಕನೆಯದರಲ್ಲಿ ಚೆಂಡು ಎರಡು ಮೂರು ಸಲ ಬ್ಯಾಟ್ಸ್‌ಮನ್ನನ ತಲೆಯ ಮೇಲೆ ಹಾರಿತು. ಕೈ ದಣಿದರೆ ಚೆಂಡು ಹಾಗೆ ಮೇಲೆ ಹೋಗುತ್ತದೆ. ಎಣಿಕೆ ಮಿತಿಯೊಳಗೇ ಇತ್ತು, ಆದರೂ ಕೋಚ್ ಅವನನ್ನು ಇಳಿಸಿದರು. ಫೈನಲ್‌ಗೆ ಬಂದರೆ ಇವನೇ ಪಿಚ್ ಮಾಡಬೇಕೆಂದು ತೀರ್ಮಾನವಾಯಿತು. ಪೂರ್ತಿ ಪಂದ್ಯ ನೋಡಿದ ಮೇಲೆ ಮಾತಾಡುತ್ತೇನೆಂದು ಸ್ಕೌಟ್ ಹೇಳಿಹೋದರು.

ಫೈನಲ್‌ಗೆ ಮೊದಲಿನ ಬಿಡುವಿನ ದಿನ ಹುಡುಗನ ಸೋದರಮಾವನ ಮನೆಯಲ್ಲಿ ಅವನಿಗೂ ಅವನ ಅಪ್ಪ ಅಮ್ಮನಿಗೂ ನನಗೂ ಊಟ. ಮನೆ ಮೆಲ್ಬರ್ನ್‌ನ ಹೊರವಲಯದ ಕ್ರೇಗಿಬರ್ನ್‌ನಲ್ಲಿತ್ತು. ಎರಡು ವಾರದಿಂದ ಸ್ಯಾಂಡ್‌ವಿಚ್ ತಿಂದು ನಾಲಿಗೆ ಸತ್ತಿದ್ದ ನಾನು ಬಿಸಿಬೇಳೆಬಾತ್ ವಾಸನೆಗೆ ಬಾಗಿಲಲ್ಲೇ ಕರಗಿಹೋದೆ. ಎಲ್ಲರೂ ತಟ್ಟೆ ಹಿಡಿದು ಕೂತೆವು. ಹುಡುಗ ಮಾತ್ರ ಚಮಚ ಕೇಳಿದ. ಚಮಚ ಹಿಡಿದದ್ದು ಎಡಗೈಯಲ್ಲಿ.

"ಏನೋ ಇದು, ಬಾಳಕ ಮೆಣಸಿನಕಾಯೂ ಚಮಚದಲ್ಲೇ ತಿಂತೀಯಾ? ಪೂರ್ತಿ ಆಸ್ಟ್ರೇಲಿಯನ್ ಆಗ್ಬಿಟ್ಯಲ್ಲೋ" ಎಂದು ಅವನ ಅತ್ತೆ ಛೇಡಿಸಿದರು. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ದಿ ಪಾಂಡ್ಸ್‌ನ ಅವರ ಮನೆಯಲ್ಲಿ ಇದೇ ಹುಡುಗ ಸಾರನ್ನ ಕಲಸಿ ಕೈಯಲ್ಲಿ ಬಾಚಿಕೊಂಡು ತಿಂದದ್ದನ್ನು ನೋಡಿದ್ದೆ. ಅನ್ನ ಕಲಸಿ ತುತ್ತು ಮಾಡಲು ಐದು ಬೆರಳಿಗೂ ಸ್ಪರ್ಶ ಸರಿಯಾಗಿರಬೇಕು. ನಾನು ಕಣ್ಣು ಅವನ ಬಲಗೈ ಮೇಲೇ ಇಟ್ಟೆ. ತೊಡೆಯ ಮೇಲಿದ್ದ ಆ ಕೈಯ ಕಿರುಬೆರಳನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ.

ಅಷ್ಟರಲ್ಲಿ ತಂದೆ ತಮ್ಮ ಡಿಜಿಟಲ್ ಕ್ಯಾಮೆರಾವನ್ನು ಭಾವಮೈದುನನ ಟಿವಿಗೆ ಸಿಕ್ಕಿಸಿದರು. ಬೇಸ್‌ಬಾಲ್ ವಿಡಿಯೋ ಇರಬೇಕೆಂದು ನೋಡಿದರೆ ಪಾರ್ಕಿನಲ್ಲಿ ಕ್ರಿಕೆಟ್. ಸಿಡ್ನಿಯ ಕನ್ನಡದವರ ಭಾನುವಾರದ ಟೆನ್ನಿಸ್ ಬಾಲ್ ಪಂದ್ಯ. ಹೊಟ್ಟೆ ಬಂದ ಅಂಕಲ್‌ಗಳ ನಡುವೆ ನಮ್ಮ ಹುಡುಗ ಬೌಂಡರಿಯಲ್ಲಿ ನಿಂತಿದ್ದ. ಚೆಂಡು ಹೋದ ಕಡೆಯೆಲ್ಲ ಅವನೇ ಓಡುತ್ತಿದ್ದ, ಹೆಕ್ಕಿ ಶಕ್ತಿಯೆಲ್ಲ ಹಾಕಿ ಎಸೆಯುತ್ತಿದ್ದ. ಒಂದೊಂದು ಎಸೆತಕ್ಕೂ ಶಿಳ್ಳೆ, ಚಪ್ಪಾಳೆ.

"ನೋಡಿ ಭಾವ, ಡೈರೆಕ್ಟ್ ಹಿಟ್! ಇವನಿದಾನೆ ಅಂತ ಆ ಕಡೆ ಟೀಮ್‌ನೋರು ಎರಡನೇ ರನ್ನೇ ಓಡಲ್ಲ" ಎಂದರು ತಂದೆ.

ನಾನು ತಟ್ಟೆ ಕೆಳಗಿಟ್ಟೆ. "ಇದು ಯಾವಾಗಿಂದು?"

"ಪ್ರತಿ ಸಂಡೇ ಇರುತ್ತಲ್ಲ ಮೇಡಂ."

"ವೀಕೆಂಡ್ ಫುಲ್ ರೆಸ್ಟ್ ಅಂದ್ರಿ?"

ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಬೇಸ್‌ಬಾಲ್ ಮುಟ್ಟಲ್ಲ ಮೇಡಂ. ಬೌಲಿಂಗೂ ಮಾಡ್ಸಲ್ಲ. ಸುಮ್ನೆ ಫೀಲ್ಡಿಂಗು. ಅದೂ ಟೆನ್ನಿಸ್ ಬಾಲು!"

"ಬಾಲ್ ಬೇರೆ. ಕೈ ಅದೇ ತಾನೆ?" ನನ್ನ ದನಿ ಏರಿತ್ತು. ಹಗುರವಾದ ಚೆಂಡಿಗೆ ತೋಳು ಇನ್ನೂ ವೇಗವಾಗಿ ಬೀಸುತ್ತದೆ, ಮೊಣಕೈಗೆ ಎಳೆತ ತಪ್ಪುವುದಿಲ್ಲ. ಇದನ್ನು ಬಿಡಿಸಿ ಹೇಳುವಷ್ಟು ತಾಳ್ಮೆ ಆಗ ನನಗಿರಲಿಲ್ಲ. ನಮ್ಮವರಿಗೆ ಕ್ರಿಕೆಟ್ ಆಡುವುದು ಉಸಿರಾಡಿದ ಹಾಗೆ, ಅದನ್ನು ಕೆಲಸ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಕ್ಲಿಕ್ಕರ್ ಒತ್ತಿ ಉಳಿಸಿದ್ದನ್ನೆಲ್ಲ ಅಂಕಲ್‌ಗಳು ಭಾನುವಾರ ಖರ್ಚು ಮಾಡುತ್ತಿದ್ದರು.

ಹುಡುಗನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಮೊಣಕೈ ಸ್ವಲ್ಪ ಬಾಗಿಸಿ, ಮೇಲ್ತೋಳು ಹಿಡಿದು ಮುಂಗೈಯನ್ನು ಹೊರಕ್ಕೆ ಒತ್ತಿದೆ. ಎಡಗೈಯಲ್ಲಿ ಹೀಗೆ ಮಾಡಿದರೆ ಗಟ್ಟಿ ತಡೆ ಸಿಕ್ಕಿತು. ಬಲಗೈಯಲ್ಲೂ ತಡೆ ಇತ್ತು, ಆದರೆ ಅವನ ಮುಖ ಬಿಳಿಚಿಕೊಂಡಿತು. ಒಳಬದಿಯ ಮೂಳೆಯ ಹಿಂದೆ ನರ ಹಾದುಹೋಗುವ ಸಂದಿನಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಕರೆಂಟ್ ಹೊಡೆದವನ ಹಾಗೆ ಕೈ ಕಿತ್ತುಕೊಂಡ.

"ಕಿರುಬೆರಳು, ಪಕ್ಕದ ಬೆರಳು ಜುಮ್ ಅನ್ನುತ್ತೆ, ಅಲ್ವಾ? ಎಷ್ಟು ದಿನದಿಂದ?"

"ಐಯಾಮ್ ಫೈನ್, ಆಂಟಿ" ಅಂದ. ಕಿರುಬೆರಳು ಮಡಚಿ ಬಿಡಿಸಿ ನೋಡಿಕೊಂಡು, "ಸಿನ್ಸ್ ಕ್ರಿಸ್ಮಸ್" ಅಂದ.

ತಂದೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಒಂದೇ ಒಂದು ಮ್ಯಾಚ್ ಮೇಡಂ. ಸ್ಕೌಟ್ ಇವನಿಗೋಸ್ಕರನೇ ಬಂದಿರೋದು. ಐಸ್ ಇಟ್ಟು, ಟೇಪ್ ಸುತ್ತಿ ಆಡಿಸಕ್ಕಾಗಲ್ವಾ?"

"ಆಡಿಸಬಹುದು. ಆಮೇಲೆ ಈ ಕೈ ಆಪರೇಷನ್‌ಗೆ ಹೋದ್ರೆ ಮತ್ತೆ ಎಸೆಯೋಕೆ ವರ್ಷದ ಮೇಲಾಗುತ್ತೆ. ಎಸೀತಾನೋ ಇಲ್ವೋ, ಅದಕ್ಕೂ ಗ್ಯಾರಂಟಿ ಇಲ್ಲ."

"ಇಂಥ ಚಾನ್ಸ್ ಇನ್ನೊಂದ್ಸಲ ಬರುತ್ತೆ ಅಂತ ನೀವು ಗ್ಯಾರಂಟಿ ಕೊಡ್ತೀರಾ?"

ಸ್ಕ್ಯಾನ್ ಇಲ್ಲದೆ, ಬರೀ ಕೈಯಿಂದ ಮುಟ್ಟಿ ನೋಡಿ ಒಬ್ಬ ಹುಡುಗನ ಬಾಗಿಲು ಮುಚ್ಚುತ್ತಿದ್ದೇನೆಂಬುದು ನನಗೂ ಗೊತ್ತಿತ್ತು. ಲಿಗಮೆಂಟ್ ಇನ್ನೂ ಗಟ್ಟಿಯಾಗಿದ್ದಿರಬಹುದು, ಪಂದ್ಯ ಸುಸೂತ್ರವಾಗಿ ಮುಗಿಯಬಹುದಿತ್ತು. ಆದರೂ ಬೇಡವೆಂದೆ. ಹೆದರಿಕೆಯಾಗಿತ್ತು, ಅದನ್ನು ತೋರಿಸಿಕೊಳ್ಳಲಿಲ್ಲ. ತಂದೆ ಒಳಗೆ ಹೋಗಿ ಟಿವಿ ಆರಿಸಿದರು. ಹೊರಡುವಾಗ ಹುಡುಗನ ತಾಯಿ ಡಬ್ಬಿಗೆ ಬಾತ್ ತುಂಬಿ ನನ್ನ ಕೈಗೆ ಕೊಡುತ್ತಾ ಮೆಲ್ಲಗೆ, "ನೀವಾದ್ರೂ ಹೇಳಿದ್ರಲ್ಲ. ನಾನು ಹೇಳಿದ್ರೆ ಅಮ್ಮ ಹೆದರ್ಕೋತಾಳೆ ಅಂತಾರೆ" ಎಂದರು.

ಕೋಚ್‌ಗೆ ಹೇಳಿದಾಗ ಅವರೂ ಒಮ್ಮೆ ಚೌಕಾಸಿ ಮಾಡಿದರು. ಒಂದೇ ಇನ್ನಿಂಗ್ಸ್? ಸ್ಕೌಟ್ ನೋಡಲಿ ಎಂದಷ್ಟೇ? ಒಂದು ಎಸೆತವೂ ಇಲ್ಲ ಎಂದೆ. ಅವರು ತಮ್ಮ ಮೊಣಕೈಯ ಒಳಬದಿಯಲ್ಲಿದ್ದ ಉದ್ದನೆಯ ಹಳೆಯ ಹೊಲಿಗೆಯ ಗುರುತನ್ನು ಸವರಿಕೊಂಡು, ಸರಿ ಎಂದು ಪಟ್ಟಿಯಿಂದ ಹೆಸರು ತೆಗೆದರು.

ಫೈನಲ್ ನಾವು ಸೋತೆವು. ಹುಡುಗ ಡಗೌಟ್‌ನಲ್ಲಿ ನನ್ನ ಪಕ್ಕ ಕೂತು ಬೇರೆಯವರಿಗೆ ನೀರು ಕೊಟ್ಟ. ಸ್ಕೌಟ್ ಎರಡು ಇನ್ನಿಂಗ್ಸ್ ನೋಡಿ, ಕುರ್ಚಿ ಎತ್ತಿಕೊಂಡು ಎದುರು ತಂಡದ ಕಡೆಗೆ ಹೋದರು. ಅಲ್ಲಿನ ಎಡಗೈ ಪಿಚರ್ ಜೊತೆ ಒಪ್ಪಂದವಾಯಿತೆಂದು ಮರುವಾರ ತಿಳಿಯಿತು. ವಿಮಾನದಲ್ಲಿ ತಂದೆ ನನ್ನ ಹಿಂದಿನ ಸಾಲಿನಲ್ಲೇ ಇದ್ದರು, ಸಿಡ್ನಿ ಮುಟ್ಟುವವರೆಗೂ ಒಂದು ಮಾತಾಡಲಿಲ್ಲ. ನನಗೆ ಬೇಸರವಾಯಿತು. ಸರಿ ಎನಿಸಿದ್ದನ್ನೇ ಮಾಡಿದ್ದರೂ ಬೇಸರ ಬೇಸರವೇ.

ಸ್ಕ್ಯಾನ್‌ನಲ್ಲಿ ಲಿಗಮೆಂಟ್ ಹರಿದಿರಲಿಲ್ಲ, ಹಿಗ್ಗಿ ಊದಿಕೊಂಡಿತ್ತು. ನರ ಕೆರಳಿತ್ತು. ಚಾಕು ಬೇಡ, ಸಮಯ ಬೇಕು ಎಂದರು ತಜ್ಞರು. ಶರತ್ಕಾಲ ಮುಗಿಯುವವರೆಗೆ, ಅಂದರೆ ಇಲ್ಲಿ ಮೇ ತಿಂಗಳ ತನಕ, ಚೆಂಡು ಮುಟ್ಟಿಸಲಿಲ್ಲ. ಭುಜದ ಹಿಂಬದಿ, ಸೊಂಟ, ತೊಡೆ ಗಟ್ಟಿ ಮಾಡಿಸಿದೆ. ಎಸೆತದ ಬಲ ಹುಟ್ಟುವುದು ಕಾಲಿನಲ್ಲಿ, ಕಾಲು ಸೋತಾಗಲೇ ಮೊಣಕೈ ಸಾಲ ತೀರಿಸುವುದು. ಭಾನುವಾರದ ಕ್ರಿಕೆಟ್ ನಿಂತಿತು. ಅಂಕಲ್‌ಗಳು ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನನ್ನನ್ನು ಕಂಡು, "ನಮ್ಮ ಟೀಮ್ ಮುಳುಗಿಸಿದ ಡಾಕ್ಟ್ರು ಬಂದ್ರು" ಎಂದು ಕಿಚಾಯಿಸಿದರು.

ಚಳಿಗಾಲದ ಹೊತ್ತಿಗೆ ಎಸೆತ ಶುರುವಾಯಿತು. ಮೊದಲು ಹತ್ತಿರದಿಂದ, ಮೆಲ್ಲಗೆ. ವಾರ ಕಳೆದಂತೆ ಒಂದಷ್ಟು ಹೆಜ್ಜೆ ಹಿಂದೆ. ಶಾಲೆಯ ಮೈದಾನದಲ್ಲಿ ದೊಡ್ಡ ಗ್ಲೋವ್ ತೊಟ್ಟು ಎದುರಿಗೆ ನಿಂತು ಹಿಡಿಯುತ್ತಿದ್ದವರು ತಂದೆ. ಆಫೀಸಿನಿಂದ ನೇರ ಬರುತ್ತಿದ್ದರು, ನನಗೊಂದು ನಮಸ್ಕಾರ ಹಾಕುತ್ತಿದ್ದರು, ಅಷ್ಟೇ. ಮಾತಿಲ್ಲದಿದ್ದರೂ ಒಂದು ದಿನ ತಪ್ಪಿಸಲಿಲ್ಲ.

ಆ ದಿನಗಳಲ್ಲಿ ನನ್ನನ್ನು ಕೊರೆಯುತ್ತಿದ್ದದ್ದು ಬೇರೆಯೇ ವಿಷಯ. ಈ ಹುಡುಗ ಅಪ್ಪ ಆಡು ಎಂದರೆ ಆಡಿದ, ಕೋಚ್ ಎಸೆ ಎಂದರೆ ಎಸೆದ, ನಾನು ನಿಲ್ಲಿಸು ಎಂದರೆ ನಿಲ್ಲಿಸಿದ. ಬೆರಳು ಮರಗಟ್ಟಿದರೂ ಬಾಯಿ ಬಿಡಲಿಲ್ಲ. ಮೈನರ್ ಲೀಗ್‌ಗೆ ಹೋದರೆ ಅಲ್ಲಿ ನಾನಿರುವುದಿಲ್ಲ. ಇವನಂಥ ನೂರು ಹುಡುಗರು ಸಾಲಿನಲ್ಲಿರುತ್ತಾರೆ, ಒಬ್ಬನ ಕೈ ಹೋದರೆ ಇನ್ನೊಬ್ಬ ಬರುತ್ತಾನೆ. ವಾಸಿ ಮಾಡಿ ಕಳಿಸಿ ಏನು ಬಂತು ಎಂದು ಯೋಚಿಸಿ ಒಂದು ನಿರ್ಧಾರಕ್ಕೆ ಬಂದೆ. ಗರಿಷ್ಠ ಮಿತಿ ಮಾತ್ರ ನಾನು ಹಾಕುವುದು, ಅದರೊಳಗೆ ಎಲ್ಲಿ ನಿಲ್ಲಿಸಬೇಕೆಂದು ಅವನೇ ಹೇಳಬೇಕು. ನಾನು ಬಾಯಿ ಬಿಡುವುದಿಲ್ಲ.

ಮೊದಲ ವಾರಗಳಲ್ಲಿ ಪ್ರತಿ ಸಲ ಮಿತಿಯವರೆಗೂ ಎಸೆದು ನನ್ನ ಮುಖ ನೋಡುತ್ತಿದ್ದ. ನಾನು ಆಕಾಶ ನೋಡುತ್ತಿದ್ದೆ. ಮರುದಿನ ತೋಳು ಬಿಗಿದು ಬಂದಾಗ, "ನಿನ್ನೆ ಎಷ್ಟನೇ ಎಸೆತಕ್ಕೆ ದಣಿವು ಗೊತ್ತಾಯ್ತು?" ಎಂದು ಮಾತ್ರ ಕೇಳುತ್ತಿದ್ದೆ. ಅವನಿಗೆ ಸಿಟ್ಟು ಬರುತ್ತಿತ್ತು. ನೀವು ಫಿಸಿಯೋ, ನೀವೇ ಹೇಳಬೇಕು ಎಂದು ಒಮ್ಮೆ ಇಂಗ್ಲಿಷಿನಲ್ಲಿ ರೇಗಿಯೂ ಬಿಟ್ಟ. ನನಗೆ ಒಳಗೊಳಗೇ ಖುಷಿಯಾಯಿತು. ಐಯಾಮ್ ಫೈನ್ ಅನ್ನುವುದನ್ನು ಬಿಟ್ಟು ಅವನು ಇಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಆಗಸ್ಟಿನಲ್ಲಿ ಕೋಚ್ ಯಾರಾರಿಗೋ ಫೋನ್ ಮಾಡಿ ಇನ್ನೊಂದು ಕ್ಲಬ್ಬಿನ ಸ್ಕೌಟ್ ಅನ್ನು ಸಿಡ್ನಿಗೆ ಕರೆಸಿದರು. ಪಂದ್ಯವಿಲ್ಲ, ಬರೀ ಪ್ರದರ್ಶನ: ದಿಬ್ಬ, ಕ್ಯಾಚರ್, ಗನ್ ಹಿಡಿದ ಸ್ಕೌಟ್. ಬೆಳಗಿನ ಗಾಳಿ ಕೊರೆಯುತ್ತಿತ್ತು. ಹುಡುಗ ನಿಧಾನವಾಗಿ ಮೈ ಬಿಸಿ ಮಾಡಿಕೊಂಡ. ಮೊದಲ ಎಸೆತಗಳು ಕ್ಯಾಚರನ ಗ್ಲೋವ್‌ಗೆ ಬಿದ್ದ ಸದ್ದಿಗೇ ಕೋಚ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಕಳೆದ ಬೇಸಿಗೆಗಿಂತ ವೇಗ ಹೆಚ್ಚಿತ್ತು. ತಿರುವಿನ ಎಸೆತಗಳೂ ಸರಿಯಾದ ಜಾಗದಲ್ಲಿ ಕುಸಿಯುತ್ತಿದ್ದವು. ಸ್ಕೌಟ್ ಒಮ್ಮೆ ಗನ್ ನೋಡಿ, ಇನ್ನೊಮ್ಮೆ ಹುಡುಗನನ್ನು ನೋಡಿದರು. ತಂದೆ ಚೆಂಡಿನ ಬಕೆಟ್ ಪಕ್ಕ ನಿಂತು ಒಂದೊಂದೇ ಚೆಂಡು ಎತ್ತಿಕೊಡುತ್ತಿದ್ದರು.

ಒಂದು ಎಸೆತ ಸ್ವಲ್ಪ ಮೇಲೆ ಹೋಯಿತು. ಹುಡುಗ ದಿಬ್ಬದಿಂದ ಇಳಿದ.

ಇನ್ನೊಂದು ಐದಾರು ಗಟ್ಟಿಯಾಗಿ ಹಾಕುತ್ತೀಯಾ, ಅತಿ ವೇಗದ್ದು ನೋಡಬೇಕು ಎಂದು ಸ್ಕೌಟ್ ಕೇಳಿದರು. ನಾನು ಹಾಕಿದ್ದ ಮಿತಿ ಇನ್ನೂ ದೂರವಿತ್ತು. ಕೋಚ್ ನೆಲ ನೋಡಿದರು, ನಾನು ತುಟಿ ಕಚ್ಚಿ ಹಿಡಿದೆ.

"ಹಾಕೋ ಮಗನೇ. ಐದೇ ತಾನೇ, ಅವ್ರೇ ಕೇಳ್ತಿದಾರೆ" ಎಂದರು ತಂದೆ, ಸ್ಕೌಟ್‌ಗೆ ತಿಳಿಯದಿರಲಿ ಎಂದು ಕನ್ನಡದಲ್ಲಿ.

ಹುಡುಗ ಗ್ಲೋವ್ ಕಳಚಿದ. "ಇಲ್ಲಪ್ಪ. ಇವತ್ತಿಗೆ ಸಾಕು" ಎಂದ. ಆಮೇಲೆ ಸ್ಕೌಟ್ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಕೈ ದಣಿದಿದೆ, ಬೇಕಾದರೆ ಗುರುವಾರ ಮತ್ತೆ ಎಸೆಯುತ್ತೇನೆ ಎಂದ. ಸ್ಕೌಟ್ ಗನ್ ಅನ್ನು ಚೀಲಕ್ಕೆ ಹಾಕಿದರು. ಅವರು ಒಪ್ಪಿದರೋ ಮುನಿದರೋ ನಮಗೆ ಯಾರಿಗೂ ತಿಳಿಯಲಿಲ್ಲ. ತಂದೆ ಬಗ್ಗಿ ಚೆಂಡುಗಳನ್ನು ಒಂದೊಂದಾಗಿ ಬಕೆಟ್‌ಗೆ ತುಂಬಿದರು.

ಗುರುವಾರ ಸ್ಕೌಟ್ ಮತ್ತೆ ಬಂದರು. ಅದಾದ ವಾರಕ್ಕೆ ದಿ ಪಾಂಡ್ಸ್‌ನ ಮನೆಗೂ ಹೋದರು. ಹುಡುಗನಿಗೆ ಇನ್ನೂ ಹದಿನೆಂಟು ತುಂಬದಿದ್ದುದರಿಂದ ಅಪ್ಪ ಅಮ್ಮನ ಸಹಿ ಬೇಕಿತ್ತು. ನಾನು ಅಲ್ಲಿರಲಿಲ್ಲ. ಅಂದು ಸಂಜೆ ಹುಡುಗನ ತಾಯಿ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದರು. ಸ್ಕೌಟ್ ಎಲ್ಲ ವಿವರಿಸಿ, ಏನಾದರೂ ಕೇಳುವುದಿದೆಯಾ ಎಂದರಂತೆ. ವೀಸಾ, ಊಟ, ಓದು ಎಂದು ಇವರು ನೂರು ಕೇಳುತ್ತಾರೆಂದು ತಾಯಿ ಕಾಯುತ್ತಿದ್ದರೆ, ತಂದೆ ಹಿಡಿದಿದ್ದ ಪೆನ್ನನ್ನು ಕೆಳಗಿಟ್ಟರಂತೆ. ಒಂದೇ ಪ್ರಶ್ನೆ ಕೇಳಿದರಂತೆ: "ಅಲ್ಲಿ ಇವನು ಸಾಕು ಅಂದರೆ, ಯಾರಾದರೂ ಕೇಳಿಸಿಕೊಳ್ಳುತ್ತಾರಾ?"

ಸ್ಕೌಟ್ ಸುಳ್ಳು ಹೇಳಲಿಲ್ಲ. ಎಲ್ಲರೂ ಕೇಳಿಸಿಕೊಳ್ಳುವುದಿಲ್ಲ, ಆದರೆ ನಿಮ್ಮ ಮಗ ಹೇಳುತ್ತಾನೆ, ನಾನು ನೋಡಿದ್ದೇನೆ ಎಂದರಂತೆ.

ತಂದೆ ಮಗನ ಕಡೆ ತಿರುಗಿ, "ಹೇಳ್ತೀಯೇನೋ?" ಎಂದು ಕೇಳಿದರಂತೆ. ಅವನು ಹ್ಞೂಂ ಅಂದ ಮೇಲೇ ಸಹಿ ಹಾಕಿದರಂತೆ.